ಒಂದು ಗೇಣು ರೀಲು

ಹಳೇ ಕ್ಯಾಸೆಟ್ಟುಗಳನ್ನು ಮನೆಯ ಕಂಪ್ಯೂಟರಿನಲ್ಲೇ ಸಿಡಿ ಮಾಡಿದ್ದೀರಂತೆ, ಯಾವ ಸಾಫ್ಟ್‌ವೇರ್ ಸಾರ್? ನನ್ನಲ್ಲಿ ವಿಚಾರಿಸುವವರೆಲ್ಲ ಮೊದಲು ಕೇಳುವುದು ಇದನ್ನೇ. ಟೇಪ್ ರೆಕಾರ್ಡರ್ ಯಾವುದು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ, ಯಾಕೆಂದರೆ ನಮ್ಮನೆಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಮೂಲ ಅಲ್ಲೇ ಇದೆ. ಕ್ಯಾಸೆಟ್ಟಿನ ದನಿ ಕೆಡುವುದಿದ್ದರೆ ವಯರು ಕಂಪ್ಯೂಟರಿಗೆ ಮುಟ್ಟುವ ಮೊದಲೇ ಕೆಟ್ಟಿರುತ್ತದೆ. ಆಮೇಲೆ ಪರದೆಯ ಮುಂದೆ ಕೂತು ಎಷ್ಟು ತಿದ್ದಿದರೂ ಕಳೆದದ್ದು ಮರಳಿ ಬರುವುದಿಲ್ಲ. ಇದನ್ನು ನಮ್ಮ ಭಾವನಿಗೆ ಹೇಳಿ ಹೇಳಿ ನನ್ನ ಬಾಯಿ ನೋವು ಬಂತು. ಅವರಿಗೆ ನಾಟಲಿಲ್ಲ. ನಿಮಗಾದರೂ ನಾಟಲಿ ಎಂದು ಬರೆಯುತ್ತಿದ್ದೇನೆ.

ಅಪ್ಪನಿಗೆ ತಾಳಮದ್ದಳೆಯ ಹುಚ್ಚು. ಸ್ವತಃ ಅರ್ಥ ಹೇಳುವವರಲ್ಲ, ಹೇಳಿಸಿ ಕೇಳುವವರು. ಗಲ್ಫಿನಲ್ಲಿದ್ದ ಮಾವ ತಂದುಕೊಟ್ಟ ಟೂ-ಇನ್-ಒನ್ ಕೈಗೆ ಬಂದ ಮೇಲೆ ಪುತ್ತೂರು, ಸುಳ್ಯ ಕಡೆ ಎಲ್ಲಿ ಕೂಟವಿದ್ದರೂ ಅಪ್ಪ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತಿದ್ದರು. 1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾದದ್ದರಿಂದ ಮನೆಯಲ್ಲಿ ಕೂತು ರೇಡಿಯೋದಿಂದ ತುಂಬಿಸಿಕೊಂಡವೂ ಇವೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ನೂರಾರು ಜನ ರೆಕಾರ್ಡ್ ಮಾಡಿಟ್ಟಿದ್ದಾರೆ. ಅದು ಹೋದರೆ ಇನ್ನೊಬ್ಬರ ಹತ್ತಿರ ಸಿಕ್ಕೀತು. ಅಪ್ಪನ ಟ್ರಂಕಿನ ಬೆಲೆ ಇರುವುದು ಉಳಿದವರಲ್ಲಿ. ಹಗಲಿಗೆ ಶಾಲೆಯಲ್ಲಿ ಮಗ್ಗಿ ಕಲಿಸಿ ರಾತ್ರಿ ಕರ್ಣನಾಗುತ್ತಿದ್ದ ಮಾಸ್ಟರು, ಟಪಾಲು ಹಂಚಿ ಬಂದು ಶಲ್ಯನಾಗುತ್ತಿದ್ದವರು, ಅಡಕೆ ಸುಲಿಯುತ್ತಲೇ ವಾದ ಹೂಡುತ್ತಿದ್ದವರು. ಅವರ ದನಿ ಬೇರೆ ಯಾರಲ್ಲೂ ಇಲ್ಲ.

ಅಪ್ಪ ಬಳಸುತ್ತಿದ್ದುದು 90 ನಿಮಿಷದ ಕ್ಯಾಸೆಟ್ಟು, ಒಂದು ಮಗ್ಗುಲಿಗೆ 45. ಗಡಿಯಾರ ನೋಡಿಕೊಂಡೇ ಕೂರುತ್ತಿದ್ದರು. ಅರ್ಥದ ನಡುವೆ ಕ್ಯಾಸೆಟ್ಟು ಮುಗಿಯಬಾರದೆಂದು ಸ್ವಲ್ಪ ಮೊದಲೇ, ಭಾಗವತರು ಪದ್ಯ ಎತ್ತಿದಾಗ ತಿರುಗಿಸಿಬಿಡುವುದು ಅವರ ಕ್ರಮ. ಪದ್ಯ ಪ್ರಸಂಗ ಪುಸ್ತಕದಲ್ಲಿ ಅಚ್ಚಾಗಿದೆ, ಅರ್ಥ ಎಲ್ಲೂ ಅಚ್ಚಾಗುವುದಿಲ್ಲ ಎಂಬುದು ಅವರ ಲೆಕ್ಕ.

ಅಪ್ಪ ಹೋದ ಮೇಲೆ ಟ್ರಂಕು ಅಟ್ಟ ಸೇರಿತು. ನಮ್ಮ ಮಳೆಗಾಲ ಗೊತ್ತಲ್ಲ, ಕೆಲವಕ್ಕೆ ಬೂಸ್ಟು ಹಿಡಿಯಿತು. ಇನ್ನು ಬಿಟ್ಟರೆ ಆಗದು ಎಂದು ಮೊದಲ ಕಂತನ್ನು ಪೇಟೆಯ ಒಂದು ಅಂಗಡಿಗೆ ಕೊಟ್ಟೆವು. ಕೊಡೋಣ ಎಂದದ್ದು ಭಾವ, ದುಡ್ಡು ನನ್ನದು. ಬಂದ ಸಿಡಿ ಕೇಳಿದರೆ ಭಾಗವತರಿಂದ ಹಿಡಿದು ಅರ್ಜುನನವರೆಗೆ ಎಲ್ಲರೂ ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗೆ ಇತ್ತು. ಅದೂ ಸಾಲದೆಂದು, ಒಂದು ಸಿಡಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 80 ನಿಮಿಷವಾದ್ದರಿಂದ ಉಳಿದದ್ದನ್ನು ಹಾಗೇ ಕತ್ತರಿಸಿ ಬಿಟ್ಟಿದ್ದರು. ಕೃಷ್ಣ ಸಂಧಾನಕ್ಕೆ ಹೋದವನು ಕೌರವನ ಸಭೆಯಲ್ಲೇ ಬಾಕಿ. ಕೇಳಿದ್ದಕ್ಕೆ, "ಹಳೇ ಕ್ಯಾಸೆಟ್ಟು ಸಾರ್, ಅದರಲ್ಲಿ ಇದ್ದದ್ದೇ ಅಷ್ಟು" ಎಂದರು.

ಇದ್ದದ್ದು ಅಷ್ಟಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನ ಟೂ-ಇನ್-ಒನ್ ಬದುಕಿದ್ದಾಗ ಅದೇ ಕ್ಯಾಸೆಟ್ಟಿನಲ್ಲಿ ಚಕ್ರತಾಳ ಠಣ್ ಎಂದು ಕೇಳಿದ ಕಿವಿ ಇದು. ರಿಪೇರಿಯವರೊಬ್ಬರನ್ನು ಹಿಡಿದು ವಿಚಾರಿಸಿದಾಗ ಗುಟ್ಟು ತಿಳಿಯಿತು. ಟೇಪು ಉಜ್ಜಿಕೊಂಡು ಹೋಗುವ ಹೆಡ್ಡಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇರುತ್ತದೆ. ಅದು ರೀಲಿಗೆ ನೆಟ್ಟಗೆ ನಿಲ್ಲಬೇಕು. ರೆಕಾರ್ಡ್ ಮಾಡಿದ ಮಿಶಿನ್ನಿನ ಹೆಡ್ಡು ಕೂದಲೆಳೆಯಷ್ಟು ವಾರೆ ಇದ್ದರೆ ನುಡಿಸುವ ಮಿಶಿನ್ನಿನದ್ದೂ ಅಷ್ಟೇ ವಾರೆ ಇರಬೇಕು, ಇಲ್ಲವಾದರೆ ಮೊದಲು ಸಾಯುವುದು ತಾರದ ಸದ್ದುಗಳು: ತಾಳದ ಝೇಂಕಾರ, ಮದ್ದಳೆಯ ಬೆರಳು, ಮಾತಿನಲ್ಲಿ ಸಕಾರ ಶಕಾರ. ಅಪ್ಪನ ಮಿಶಿನ್ನು ವಾರೆಯಿತ್ತು. ಅಂಗಡಿಯವರದ್ದು ನೆಟ್ಟಗಿತ್ತೋ ಇನ್ನೊಂದು ಕಡೆಗೆ ವಾಲಿತ್ತೋ, ಅವರು ನೋಡುವ ಗೋಜಿಗೇ ಹೋಗಲಿಲ್ಲ.

ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗು ಹಾಕಿದ ಪುಟ್ಟ ಸ್ಕ್ರೂ ಇರುತ್ತದೆ. ಕ್ಯಾಸೆಟ್ಟು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರಿನಿಂದ ಅದನ್ನು ಕಾಲು ಸುತ್ತು ಆಚೆ, ಕಾಲು ಸುತ್ತು ಈಚೆ ತಿರುಗಿಸುತ್ತ ಕೇಳಬೇಕು. ಪಾಟೀಸವಾಲಿನ ಭಾಗ ಇದಕ್ಕೆ ಪ್ರಯೋಜನವಿಲ್ಲ, ಏರುಪದ್ಯವೇ ಬೇಕು. ತಾಳದ ಸದ್ದು ಎಲ್ಲಿ ತಟ್ಟನೆ ಹೊಳೆಯುತ್ತದೋ ಅಲ್ಲಿ ಕೈ ನಿಲ್ಲಿಸುವುದು. ಮರುದಿನ ಬೇರೆ ಮಿಶಿನ್ನಿನಲ್ಲಿ ತುಂಬಿಸಿದ ಕ್ಯಾಸೆಟ್ಟು ಹಾಕಿದರೆ ಮತ್ತೆ ತಿರುಗಿಸುವುದು. ನಾನು ಹಳೇ ಡೆಕ್ ಒಂದನ್ನು ಅದೇ ರಿಪೇರಿಯವರಿಂದ ಕೊಂಡುಕೊಂಡೆ. ಹತ್ತಿಗೆ ಸ್ಪಿರಿಟ್ ಹಾಕಿ ಹೆಡ್ಡು ಒರೆಸಿದರೆ ಹತ್ತಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದು ಕೊಳೆಯಲ್ಲ, ರೀಲಿಗೆ ಮೆತ್ತಿದ ಕಬ್ಬಿಣದ ಆಕ್ಸೈಡ್ ಪುಡಿ. ಅರ್ಥಾತ್ ಯಾರದೋ ದನಿ. ಬೂಸ್ಟು ಹಿಡಿದ ಕ್ಯಾಸೆಟ್ಟು ಹಾಕಿದಾಗಂತೂ ಒಂದೊಂದು ಮಗ್ಗುಲು ಮುಗಿದಾಗಲೂ ಒರೆಸಲೇಬೇಕು.

ಈಗ ಭಾವನ ಪ್ರವೇಶ. ಅವರಿಗೆ ಕಂಪ್ಯೂಟರ್ ಗೊತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆಡಾಸಿಟಿ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಟ್ಟವರು ಅವರೇ, ಅದು ಇವತ್ತಿಗೂ ಒಳ್ಳೆಯದೇ. ಆದರೆ ವಯರನ್ನು ಮೊದಲು ಚುಚ್ಚಿದ್ದು ಗುಲಾಬಿ ಬಣ್ಣದ ಮೈಕ್ ತೂತಿಗೆ. ಮೈಕಿನ ಕ್ಷೀಣ ಸಂಕೇತವನ್ನು ಹಿಗ್ಗಿಸಲೆಂದು ಇರುವ ತೂತಿಗೆ ಡೆಕ್ಕಿನ ಪುಷ್ಟ ಸಂಕೇತ ಕೊಟ್ಟರೆ ಏನಾಗುತ್ತದೆ? ಪ್ರತಿ ಮಾತೂ ಹರಿದ ಸ್ಪೀಕರಿನಿಂದ ಬಂದಂತೆ ಬಂತು. ನೀಲಿ ಬಣ್ಣದ ಲೈನ್-ಇನ್‌ಗೆ ಚುಚ್ಚಬೇಕು ಎಂದು ನಾನು ಎಲ್ಲೋ ಓದಿಕೊಂಡು ಬಂದು ಹೇಳಿದ ಮೇಲೆ, "ಅದೇ, ಅದನ್ನೇ ನಾನೂ ಹೇಳಲಿಕ್ಕಿದ್ದೆ" ಎಂದರು. ಆಮೇಲೆ ರೆಕಾರ್ಡಿಂಗ್ ಮೂಲಕ್ಕೆ 'ಸ್ಟೀರಿಯೋ ಮಿಕ್ಸ್' ಎಂಬುದನ್ನು ಆರಿಸಿಟ್ಟರು. ಕಂಪ್ಯೂಟರ್ ತಾನು ಮಾಡುವ ಸದ್ದನ್ನೂ ಅದು ಸೇರಿಸಿಕೊಳ್ಳುತ್ತದೆ. ಭೀಷ್ಮ ಶಸ್ತ್ರ ಕೆಳಗಿಡುವ ಹೊತ್ತಿಗೆ ಆಂಟಿವೈರಸ್ಸಿನ ಹೆಂಗಸು ಇಂಗ್ಲಿಷಿನಲ್ಲಿ ಶುಭವಾರ್ತೆ ನುಡಿದಳು. ಅದನ್ನು ಅಳಿಸಲಿಕ್ಕಾಗುವುದಿಲ್ಲ, ಇಡೀ ಮಗ್ಗುಲನ್ನು ಪುನಃ ಓಡಿಸಬೇಕು. 45 ನಿಮಿಷದ ಮಗ್ಗುಲಿಗೆ 45 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ.

ಮಟ್ಟ ಇಡುವುದರಲ್ಲೂ ಜಗಳ. ಭಾವ ಮಾತಿನ ದನಿಗೆ ಮಟ್ಟ ಇಟ್ಟರು. ಚೆಂಡೆ ಬಿದ್ದದ್ದೇ ಅಲೆಯ ನೆತ್ತಿ ಪರದೆಯ ಮೇಲಂಚಿಗೆ ತಾಗಿ ಚಪ್ಪಟೆಯಾಯಿತು. ಕ್ಯಾಸೆಟ್ಟಿಗೆ ಹೆಚ್ಚಾದರೆ ಅದು ಸ್ವಲ್ಪ ಸಹಿಸಿಕೊಳ್ಳುತ್ತದೆ. ಕಂಪ್ಯೂಟರಿಗೆ ಸೊನ್ನೆ ಡೆಸಿಬೆಲ್ ಎಂದರೆ ಲಕ್ಷ್ಮಣರೇಖೆ, ಆಚೆಗೆ ಹೋದದ್ದು ಹೋಯಿತು. ಇಡೀ ಕ್ಯಾಸೆಟ್ಟಿನಲ್ಲಿ ಚೆಂಡೆ ಜೋರಾದ ಜಾಗ ಹುಡುಕಿ, ಅದು ಮೈನಸ್ ಆರರ ಆಸುಪಾಸಿಗೆ ಬರುವಂತೆ ಇಟ್ಟುಬಿಟ್ಟರೆ ಮಾತು ಮೆತ್ತಗಾಯಿತೆಂದು ಗಾಬರಿ ಬೇಡ, ಆಮೇಲೆ ಏರಿಸಿಕೊಳ್ಳಬಹುದು.

ಶ್ರುತಿಯ ವಿಷಯ ಹೇಳಲೇಬೇಕು, ಇದು ಎಲ್ಲಿಯೂ ಬರೆದದ್ದನ್ನು ನಾನು ಕಂಡಿಲ್ಲ. ಕರೆಂಟಿಲ್ಲದ ಕಡೆ ಅಪ್ಪ ಬ್ಯಾಟರಿ ಸೆಲ್ಲಿನಲ್ಲಿ ತುಂಬಿಸುತ್ತಿದ್ದರು. ಬೆಳಗಿನ ಜಾವಕ್ಕೆ ಸೆಲ್ಲು ಇಳಿಯುತ್ತದೆ, ಮೋಟರು ನಿಧಾನವಾಗುತ್ತದೆ. ನಿಧಾನ ಓಡಿದ ರೀಲನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲವೂ ಚುರುಕು, ಎಲ್ಲವೂ ತಾರ. ಕಪ್ಪು ಎರಡರಲ್ಲಿ ಹಾಡಲು ಕೂತ ಭಾಗವತರು ಮಂಗಳ ಹಾಡುವಾಗ ಬಿಳಿ ಐದಕ್ಕೆ ಹತ್ತಿರವಾಗಿದ್ದರು. ಶ್ರುತಿಪೆಟ್ಟಿಗೆ ಎದುರಿಗಿಟ್ಟುಕೊಂಡು, ಹತ್ತತ್ತು ನಿಮಿಷಕ್ಕೊಮ್ಮೆ ಹೋಲಿಸಿ, ವೇಗ ಇಳಿಸುತ್ತ ಬಂದೆ. ಭಾವ ಇದನ್ನು ಕಾಲಹರಣ ಎಂದು ಕರೆದರು. ಅವರಿಗೆ ಶ್ರುತಿ ತಿಳಿಯುವುದಿಲ್ಲ ಎಂದು ಅಕ್ಕನೇ ಹೇಳುತ್ತಾಳೆ.

ಆ ರಾತ್ರಿಯ ವಿಷಯಕ್ಕೆ ಬರುತ್ತೇನೆ.

ಆಷಾಢದ ಮಳೆ. ಕರ್ಣಪರ್ವದ ಕ್ಯಾಸೆಟ್ಟು, ಎರಡನೇ ಮಗ್ಗುಲು. ಅಪ್ಪ ಶಾಯಿಪೆನ್ನಿನಲ್ಲಿ ಬರೆದ ಚೀಟಿಯ ಮೂಲೆಗೆ ಕೆಂಪು ಗೀಟು ಎಳೆದಿದ್ದರು, ಎಂದರೆ ಅವರಿಗೆ ಬಹಳ ಹಿಡಿಸಿದ್ದು. ನಾನು ಡೆಕ್ಕಿನ ಮುಂದೆ, ಭಾವ ಪರದೆಯ ಮುಂದೆ. ಶಲ್ಯನ ಮಾತು ನಡೆದಿದೆ: ಹೂಡಿದ ಬಾಣದ ಗುರಿ ಸರಿಯಿಲ್ಲ, ತೊಟ್ಟದ್ದನ್ನು ತೆಗೆದು ಮತ್ತೆ ತೊಡು ಎಂಬ ಜಾಗ. ಕರ್ಣನಾದ ಮಾಸ್ಟರು ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಆಗ ಕರೆಂಟು ಹೋಯಿತು.

ಕಂಪ್ಯೂಟರ್ ಹೋಗಲಿಲ್ಲ, ಅದು ಯುಪಿಎಸ್ಸಿನಲ್ಲಿತ್ತು. ಡೆಕ್ಕನ್ನೂ ಅದಕ್ಕೇ ಚುಚ್ಚೋಣ ಎಂದು ನಾನು ಮೊದಲ ದಿನವೇ ಹೇಳಿದ್ದೆ. ಯುಪಿಎಸ್ ಇರುವುದು ಕಂಪ್ಯೂಟರಿಗೆ, ಟೇಪ್ ರೆಕಾರ್ಡರಿಗಲ್ಲ ಎಂದಿದ್ದರು. ಹಾಗಾಗಿ ಕತ್ತಲೆಯಲ್ಲಿ ಪರದೆ ಬೆಳಗುತ್ತಿತ್ತು, ಅದರ ಮೇಲೆ ನೇರವಾದ ಗೆರೆ, ಕಂಪ್ಯೂಟರ್ ಬಹಳ ಶ್ರದ್ಧೆಯಿಂದ ಮೌನವನ್ನು ರೆಕಾರ್ಡ್ ಮಾಡುತ್ತಿತ್ತು. ಡೆಕ್ಕಿನ ಪ್ಲೇ ಗುಂಡಿ ಒತ್ತಿದ ಹಾಗೇ ಇದೆ. ಎಂದರೆ ರಬ್ಬರಿನ ಉರುಳೆ ರೀಲನ್ನು ಉಕ್ಕಿನ ಕಡ್ಡಿಗೆ ಅದುಮಿ ಹಿಡಿದೇ ಇದೆ. ನಾನು ಸ್ಟಾಪ್ ಒತ್ತಲು ಕೈ ಹಾಕಿದೆ. "ಮುಟ್ಟಬೇಡಿ" ಎಂದರು ಭಾವ, "ಕರೆಂಟು ಬಂದ ಕೂಡಲೇ ಅಲ್ಲಿಂದಲೇ ಶುರುವಾಗುತ್ತದೆ, ನಡುವಿನ ಖಾಲಿ ಜಾಗ ಕತ್ತರಿಸಿದರಾಯಿತು." ಹೇಳಿದ ರೀತಿ ಎಷ್ಟು ಖಚಿತವಾಗಿತ್ತೆಂದರೆ ನನ್ನ ಕೈ ಗುಂಡಿಯ ಮೇಲೆಯೇ ನಿಂತಿತು.

ಕರೆಂಟು ಬಂತು, ಹೋಯಿತು, ಮಿಣಮಿಣ ಬಂತು, ಮತ್ತೆ ಹೋಯಿತು. ನಮ್ಮ ಕಡೆ ಗಾಳಿಮಳೆಗೆ ಬರುವುದು ಹೀಗೆಯೇ. ವೋಲ್ಟೇಜು ಅರೆಬರೆ ಇದ್ದಾಗ ಕಡ್ಡಿ ತಿರುಗಿತು, ರೀಲನ್ನು ಸುತ್ತಿಕೊಳ್ಳಬೇಕಾದ ಗಾಲಿ ತಿರುಗಲಿಲ್ಲ. ಕಡ್ಡಿ ಎಳೆದು ಎಳೆದು ಕೊಟ್ಟ ರೀಲು ಹೋಗಲು ಜಾಗವಿಲ್ಲದೆ ಉರುಳೆಗೆ ಸುತ್ತತೊಡಗಿತು. ಸ್ಪೀಕರಿನಲ್ಲಿ ಕರ್ಣ ಗೊರಗೊರ ಎಂದ. ಪರದೆಯ ಗೆರೆ ಎಗರಾಡಿತು. ಭಾವ ಪರದೆಯನ್ನೇ ನೋಡುತ್ತ, "ಸೌಂಡ್ ಕಾರ್ಡಿನದ್ದು ಏನೋ ಪ್ರಾಬ್ಲಂ" ಎಂದರು. ಸೌಂಡ್ ಕಾರ್ಡು! ನನ್ನ ಕಣ್ಣೆದುರಿಗೆ ಕಿಟಕಿಯೊಳಗೆ ಕಂದು ರೀಲು ಮಡಿಕೆ ಮಡಿಕೆಯಾಗಿ ಒಳಗೆ ಹೋಗುತ್ತಿದೆ.

ನಾನು ಸ್ಟಾಪ್ ಒತ್ತಿ, ಪ್ಲಗ್ಗು ಕಿತ್ತೆ. ಅಕ್ಕ ಟಾರ್ಚು ತಂದಳು. ಇಂಥ ಹೊತ್ತಿಗೆ ಮಾಡಬೇಕಾದ್ದು ಏನೆಂದು ರಿಪೇರಿಯವರು ಹೇಳಿಕೊಟ್ಟಿದ್ದರು: ಮೇಲಿನ ಮುಚ್ಚಳ ಬಿಚ್ಚುವುದು, ಒಳಗಿರುವ ದೊಡ್ಡ ಗಾಲಿಯನ್ನು ಬೆರಳಲ್ಲಿ ಹಿಂದಕ್ಕೆ ತಿರುಗಿಸುವುದು. ಕಡ್ಡಿ ಹಿಮ್ಮುಖ ತಿರುಗಿ, ಸುತ್ತಿದ ರೀಲು ತಾನಾಗಿ ಸಡಿಲಾಗುತ್ತದೆ. ಹತ್ತು ನಿಮಿಷದ ಕೆಲಸ, ತಾಳ್ಮೆ ಬೇಕು ಅಷ್ಟೇ. ನಾನು ಸ್ಕ್ರೂಡ್ರೈವರ್ ತರಲು ಒಳಗೆ ಹೋಗಿದ್ದೇನೆ. ಟಕ್ ಎಂಬ ಸದ್ದು. ಹೊರಗೆ ಬಂದು ನೋಡಿದರೆ ಭಾವನ ಕೈಯಲ್ಲಿ ಕ್ಯಾಸೆಟ್ಟು, ಅದರ ಬಾಯಿಂದ ನೇತಾಡುವ ರೀಲು, ಇನ್ನೊಂದು ತುದಿ ಡೆಕ್ಕಿನೊಳಗೆ. "ಮೆಲ್ಲಗೆ ಎಳೆದೆ ಮಾರಾಯ್ರೆ, ಅದೇ ತುಂಡಾಯಿತು" ಎಂದರು. ಅದೇ ತುಂಡಾಯಿತಂತೆ!

ಅಕ್ಕ ಆ ದಿನ ನಮ್ಮಿಬ್ಬರಿಗೂ ಬೇರೆ ಬೇರೆ ಹೊತ್ತಿನಲ್ಲಿ ಊಟ ಬಡಿಸಿದಳು.

ಮರುದಿನ ಡೆಕ್ಕು ಬಿಚ್ಚಿ ಉರುಳೆಗೆ ಸುತ್ತಿದ್ದನ್ನು ಬಿಡಿಸಿದೆ. ಬಹುಭಾಗ ಮಡಿಕೆ ಬಿದ್ದಿದ್ದರೂ ಇಡಿಯಾಗಿತ್ತು, ಒಂದು ಗೇಣು ಮಾತ್ರ ನಾರಿನ ಹಾಗೆ ಹಿಗ್ಗಿ ಸುರುಟಿಹೋಗಿತ್ತು. ಕ್ಯಾಸೆಟ್ಟು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಒಂದು ಗೇಣೆಂದರೆ ಐದು ಸೆಕೆಂಡಿಗೆ ತುಸು ಕಡಿಮೆ. ಅಷ್ಟೇ ತಾನೆ ಎಂದು ಭಾವ ಇವತ್ತಿಗೂ ಹೇಳುತ್ತಾರೆ. ಅಷ್ಟೇ. ಗಂಟಲು ಸರಿಮಾಡಿಕೊಂಡಾದ ಮೇಲೆ ಮಾಸ್ಟರು ಶಲ್ಯನಿಗೆ ಕೊಟ್ಟ ಉತ್ತರದ ಮೊದಲ ವಾಕ್ಯ ಆ ಗೇಣಿನಲ್ಲಿತ್ತು. ಈಗ ಉಳಿದಿರುವುದು ಅದಾದ ಮೇಲೆ ಸಭೆ ಹೋ ಎಂದು ಚಪ್ಪಾಳೆ ಹೊಡೆದದ್ದು. ಯಾವ ಮಾತಿಗೆ ಹೊಡೆದರು? ಅಪ್ಪನಿಗೆ ಬಾಯಿಪಾಠ ಇತ್ತು. ಅಪ್ಪ ಇಲ್ಲ, ಮಾಸ್ಟರೂ ಇಲ್ಲ. ಶಲ್ಯನಾದವರನ್ನು ಮನೆ ಹುಡುಕಿಕೊಂಡು ಹೋಗಿ ಕೇಳಿದೆ. ತೊಂಬತ್ತರ ಹತ್ತಿರದವರು, ಎದ್ದು ಕೂತು ತಮ್ಮ ಪಾಲಿನ ಮಾತನ್ನು ಪೂರ್ತಿ ಹೇಳಿದರು. ಕರ್ಣನದ್ದು ನೆನಪಿಲ್ಲ ಎಂದರು. ಅರ್ಥಧಾರಿಗಳು ಹಾಗೆಯೇ.

ಜೋಡಿಸುವುದು ಹೇಗೆಂದು ಎರಡು ಮಾತು. ಸೆಲ್ಲೋಟೇಪು ಹಾಕಬೇಡಿ, ಅದರ ಅಂಟು ಕಾಲಕ್ರಮೇಣ ಒಸರಿ ಪಕ್ಕದ ಸುತ್ತಿಗೆ ಹಿಡಿಯುತ್ತದೆ, ಹೆಡ್ಡಿಗೂ ಮೆತ್ತುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪು ಎಂಬುದಿದೆ. ನಮ್ಮ ಪೇಟೆಯಲ್ಲೆಲ್ಲೂ ಸಿಗದೆ, ರೇಡಿಯೋದಲ್ಲಿ ಕೆಲಸ ಮಾಡಿ ನಿವೃತ್ತರಾದ ಪುಣ್ಯಾತ್ಮರೊಬ್ಬರು ತಮ್ಮ ಹಳೇ ಡಬ್ಬಿಯಿಂದ ಕೊಟ್ಟರು. ದೊಡ್ಡ ರೀಲಿನ ಕಾಲು ಇಂಚಿನದ್ದು, ಕ್ಯಾಸೆಟ್ಟಿಗೆ ತಕ್ಕಂತೆ ಬ್ಲೇಡಿನಲ್ಲಿ ಸಪೂರ ಮಾಡಿಕೊಂಡೆ. ಎರಡು ತುದಿಗಳನ್ನೂ ಒಟ್ಟಿಗೆ ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಬಾರದಂತೆ ಮುಖಾಮುಖಿ ಇಟ್ಟು, ಹೆಡ್ಡಿಗೆ ತಾಗದ ಹಿಂಬದಿಗೆ ಅಂಟಿಸುವುದು. ಕ್ಯಾಸೆಟ್ಟಿನ ಚಿಪ್ಪಿಗೆ ಸ್ಕ್ರೂ ಇದ್ದರೆ ಪುಣ್ಯ. ನನ್ನದು ಬೆಸುಗೆಯದ್ದು, ಚೂರಿಯಲ್ಲಿ ಸೀಳಿ, ರೀಲನ್ನು ಸ್ಕ್ರೂ ಇರುವ ಬೇರೆ ಚಿಪ್ಪಿಗೆ ವರ್ಗಾಯಿಸಿದೆ. ಸೀಳುವಾಗ ಹೆಡ್ಡಿಗೆ ರೀಲನ್ನು ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ಗುಂಡಿ ಹಾರಿ ಎಲ್ಲೋ ಹೋಯಿತು. ಬಿಳಿ ಬಟ್ಟೆ ಹಾಸಿಕೊಂಡು ಕೂರಿ, ಫ್ಯಾನು ಆರಿಸಿ.

ಇದೆಲ್ಲ ಮುಗಿದ ಮೇಲೂ ಭಾವ ಸುಮ್ಮನಾಗಲಿಲ್ಲ, 'ಕ್ಲೀನ್' ಮಾಡಲು ಕೂತರು. ಸುಯ್ ಎನ್ನುವ ಸದ್ದಿನ ಮಾದರಿ ತೋರಿಸಿದರೆ ತಂತ್ರಾಂಶ ಅದನ್ನು ಇಡೀ ಕಡತದಿಂದ ಕಳೆದುಕೊಡುತ್ತದೆ. ಅವರು ಮಾದರಿಗೆ ಆರಿಸಿದ್ದು ಪದ್ಯ ಮುಗಿದು ಅರ್ಥ ಶುರುವಾಗುವ ನಡುವಿನ ಜಾಗ. ಅಲ್ಲಿ ಯಾರೂ ಮಾತಾಡುತ್ತಿಲ್ಲ, ನಿಜ. ಶ್ರುತಿಪೆಟ್ಟಿಗೆ ಹಾಡುತ್ತಲೇ ಇದೆಯಲ್ಲ? ತಂತ್ರಾಂಶ ಶ್ರುತಿಯನ್ನೂ ಕಸವೆಂದು ತಿಳಿದು ಗುಡಿಸಿತು. ಜೊತೆಗೆ ಭಾಗವತರ ಷಡ್ಜದಲ್ಲಿ ಅರ್ಧವೂ ಹೋಯಿತು, ಉಳಿದರ್ಧ ನೀರಿನೊಳಗಿಂದ ಗುಳುಗುಳು ಎಂದಿತು. ಭಾವನಿಗೆ ಅದು ನಿಶ್ಶಬ್ದವಾಗಿ ಕೇಳಿತು, ಖುಷಿಪಟ್ಟರು. ತುಂಬಿಸಿದ ಮೂಲ ಕಡತವನ್ನು ನಾನು ಬೇರೆ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೆನಾದ್ದರಿಂದ ಉಳಿಯಿತು. ಸಂಕುಚಿಸದ ಕಡತವೆಂದರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟ್, ಒಂದು ಕ್ಯಾಸೆಟ್ಟಿಗೆ ಹತ್ತಿರ ಹತ್ತಿರ ಒಂದು ಗಿಗಾಬೈಟ್. ಆಗ ಅದು ದೊಡ್ಡ ದುಂದು ಅನ್ನಿಸಿತ್ತು.

ಸಿಡಿಗಳ ಕತೆ ಕೇಳಿ. ಒಂದು ಕ್ಯಾಸೆಟ್ಟಿಗೆ ಎರಡು ಸಿಡಿ ಎಂದು ಹಟ ಹಿಡಿದು, ಕಡಿಮೆ ವೇಗದಲ್ಲಿ ಬರೆಸಿ, ನೆಂಟರಿಷ್ಟರಿಗೆಲ್ಲ ಹಂಚಿದೆವು. ಭಾವ ಅವಕ್ಕೆ ಬಣ್ಣದ ಗುಂಡಗಿನ ಸ್ಟಿಕ್ಕರು ಅಂಟಿಸಿ, ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರು. ಸಿಡಿಯಲ್ಲಿ ಹೊಳೆಯುವ ಪದರ ಇರುವುದು ಹೆಸರು ಬರೆಯುವ ಬದಿಗೇ, ತೆಳು ಅರಗಿನ ಕೆಳಗೆ; ನಾವು ಜೋಪಾನ ಮಾಡುವುದು ಇನ್ನೊಂದು ಬದಿಯನ್ನು. ನಮ್ಮ ಥಂಡಿಗೆ ಸ್ಟಿಕ್ಕರು ಸುರುಟಿಕೊಂಡಿತು, ಕೆಲವು ಸಿಡಿಗಳಲ್ಲಿ ಸ್ಟಿಕ್ಕರಿನ ಜೊತೆ ಬೆಳ್ಳಿಬಣ್ಣವೂ ಎದ್ದು ಬಂತು. ಈಗ ಅರ್ಧಕ್ಕರ್ಧ ತೆರೆಯುವುದಿಲ್ಲ. ತೆರೆಯುವವನ್ನು ಹಾಕೋಣವೆಂದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಅಪ್ಪನ ಕ್ಯಾಸೆಟ್ಟುಗಳು ಮಾತ್ರ ಕೂತಲ್ಲೇ ಕೂತಿವೆ, ಡೆಕ್ಕಿಗೆ ಹಾಕಿದರೆ ಹಾಡುತ್ತವೆ. ಸಿಡಿ ಆಯಿತಲ್ಲ, ಇನ್ನು ಆ ಟ್ರಂಕು ಗುಜರಿಗೆ ಹಾಕಿ ಎಂದವರು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕಳೆದ ವರ್ಷ ಭಾವನ ಮಗ ಬೆಂಗಳೂರಿನಿಂದ ಫೋನು ಮಾಡಿದ. ಯುಎಸ್‌ಬಿಗೆ ಚುಚ್ಚುವ ಒಳ್ಳೆಯ ಪೆಟ್ಟಿಗೆ ತೆಗೆದುಕೊಂಡಿದ್ದಾನಂತೆ, ಎಲ್ಲವನ್ನೂ 24 ಬಿಟ್ಟಿನಲ್ಲಿ ಇನ್ನೊಮ್ಮೆ ತುಂಬಿಸುತ್ತಾನಂತೆ, ಟ್ರಂಕು ಮತ್ತು ಡೆಕ್ಕು ಕಳಿಸಿಕೊಡಿ ಎಂದ. ಹುಡುಗನಿಗೆ ಕಿವಿ ಇದೆ, ಚಿಕ್ಕಂದಿನಲ್ಲಿ ಮದ್ದಳೆ ಕಲಿತವನು. ಆದರೂ ಕಳಿಸುವುದಿಲ್ಲ ಎಂದೆ. ಪೆಟ್ಟಿಗೆ ಹಿಡಿದುಕೊಂಡು ನೀನೇ ಬಾ, ಮಳೆಗಾಲ ಬಿಟ್ಟು ಯಾವಾಗ ಬೇಕಾದರೂ ಬಾ, ಹೊಸ ಬೆಲ್ಟು ಹಾಕಿಸಿಟ್ಟಿರುತ್ತೇನೆ, ಈ ಸಲ ಡೆಕ್ಕು ಯುಪಿಎಸ್ಸಿನಲ್ಲೇ ಇರುತ್ತದೆ. ಅಪ್ಪನನ್ನೂ ಕರೆದುಕೊಂಡು ಬರಲಾ ಎಂದು ಕೇಳಿದ. ಬರಲಿ, ಊಟಕ್ಕೆ ಅಡ್ಡಿಯಿಲ್ಲ. ಆ ಕೋಣೆಯ ಒಳಗೆ ಬೇಡ ಎಂದೆ.